ಕೆಳಗೆ ಅಂಗಡಿ, ಮೇಲೆ ಮನೆ

ಒಂಬತ್ತನೇ ಮಹಡಿಯಿಂದ
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಕ್ಕನಿಗೆ,

ತಮ್ಮ ತಂಗಿ ಯಾರೂ ಇಲ್ಲದವಳನ್ನು ಪುಟ್ಟಕ್ಕ ಎಂದು ಕರೆಯುವ ತಾಯಿ ನಾನೊಬ್ಬಳೇ ಇರಬೇಕು. ನಿನಗೆ ಮೂವತ್ತೇಳು ತುಂಬಿದ ಮೇಲೆ ಇನ್ನು ಹೆಸರು ಬದಲಾಯಿಸುವುದು ಆಗದ ಮಾತು, ಹೊಟ್ಟೆಗೆ ಹಾಕಿಕೊ.

ನೀನು ಕಳಿಸಿದ ನಕ್ಷೆಗಳ ಸುರುಳಿ ಗುರುವಾರ ಬಂತು. ನಾಳೆ ಹತ್ತು ಗಂಟೆಗೆ ಕೊರಿಯರ್‌ನವರು ಬಂದು ವಾಪಸ್ ಒಯ್ಯುತ್ತಾರೆ, ಅಷ್ಟರೊಳಗೆ ಕೊನೆಯ ಹಾಳೆಯಲ್ಲಿ ಪೆನ್ಸಿಲ್ ಗುರುತಿರುವ ಕಡೆ ರುಜು ಹಾಕಿಡಮ್ಮ ಎಂದು ಬರೆದಿದ್ದೀಯ. ಮೂರು ದಿನದಿಂದ ಅದು ಊಟದ ಮೇಜಿನ ಮೇಲೆ ಬಿಡಿಸಿಕೊಂಡು ಬಿದ್ದಿದೆ. ಒಂದು ತುದಿಗೆ ಸಕ್ಕರೆ ಡಬ್ಬಿ, ಇನ್ನೊಂದು ತುದಿಗೆ ಇಸ್ತ್ರಿಪೆಟ್ಟಿಗೆ ಇಟ್ಟಿದ್ದೇನೆ. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡುತ್ತಿದ್ದೇನೆ. ರುಜು ಇನ್ನೂ ಹಾಕಿಲ್ಲ. ಯಾಕೆ ಹಾಕಿಲ್ಲ ಎಂದು ಹೇಳುವುದಕ್ಕೇ ಈ ಪತ್ರ. ಫೋನಿನಲ್ಲಿ ಇದು ನನ್ನಿಂದಾಗದು. ನೀನು ಒಂದು ಪ್ರಶ್ನೆ ಕೇಳಿದರೆ ಸಾಕು, ಊಟ ಆಯಿತಾ ಎಂದು ಕೇಳಿ ಮಾತು ತೇಲಿಸಿಬಿಡುತ್ತೇನೆ.

ನನ್ನ ರುಜುವಿನ ತೂಕ ಎಷ್ಟೆಂದು ಗೊತ್ತಿಲ್ಲದೆ ಮೂರು ದಿನ ಕಳೆದೆ ಎಂದುಕೊಳ್ಳಬೇಡ. ಗೊತ್ತಿದೆ. ಇಪ್ಪತ್ತು ವರ್ಷಕ್ಕೂ ಮೀರಿ ಒಂದೇ ಜಾಗದಲ್ಲಿ ಅಂಗಡಿ ನಡೆಸಿದವರು ಒಬ್ಬರಾದರೂ ಹಳೇ ಕಟ್ಟಡ ಕೆಡವಿದ ಜಾಗದಲ್ಲಿ ಏಳುವ ಹೊಸ ಕಟ್ಟಡದಲ್ಲಿ ತಮಗೆ ಅಂಗಡಿ ಬೇಕು ಎಂದು ಬರೆದುಕೊಟ್ಟರೆ, ಬಿಲ್ಡರ್ ರಸ್ತೆಯ ಬದಿಯನ್ನು ಪೂರ್ತಿ ಅಂಗಡಿಗಳಿಗೇ ಬಿಡಬೇಕು. ಯಾರೂ ಕೇಳದಿದ್ದರೆ ಅಲ್ಲಿ ಕಾರು ನಿಲ್ಲುತ್ತವೆ. ಬೇಕರಿ ಅಕ್ಕ ಪರಿಹಾರ ತೆಗೆದುಕೊಂಡು ತಂಗಿಯ ಊರು ಸೇರಿದಳು. ಕಟಿಂಗ್ ಶಾಪಿನಣ್ಣನಿಗೆ ಹದಿನೆಂಟನೇ ವರ್ಷದಲ್ಲಿ ಜಾಗ ಬದಲಾಯಿತು, ಅದೇ ಕಟ್ಟಡದಲ್ಲೇ, ಎಡಮೂಲೆಯಿಂದ ಬಲಮೂಲೆಗೆ. ಕಾನೂನಿಗೆ ಅಷ್ಟೇ ಸಾಕಾಯಿತು, ಅವರ ಲೆಕ್ಕ ಮತ್ತೆ ಒಂದರಿಂದ ಶುರುವಾಯಿತು. ಉಳಿದವಳು ನಾನು. ನೀನು ನಾಲ್ಕು ವರ್ಷ ದಿನವೂ ಕಚೇರಿ ಕೆಲಸ ಮುಗಿಸಿ ಕೂತು, ರಜೆಯೆಲ್ಲ ಸುಟ್ಟುಕೊಂಡು ಬರೆದ ಐದು ಅಂಗಡಿ ನನ್ನ ಒಂದು ಗೀಚಿಗೆ ಕಾದು ಕೂತಿವೆ.

ಹೋದ ಭಾನುವಾರ ಶಾಲೆಯ ಹಾಲ್‌ನಲ್ಲಿ ನಡೆದ ಹಳೇ ಕಟ್ಟಡದವರ ಸಭೆಗೆ ಹೋಗಿದ್ದೆ. ನಿನಗೆ ಬರಲಾಗಲಿಲ್ಲವಲ್ಲ, ವರದಿ ಒಪ್ಪಿಸುತ್ತೇನೆ. ಮೂರನೇ ಮಹಡಿಯ ಲೆಕ್ಚರರ್ ಮೇಡಂ ಮೊದಲು ಎದ್ದರು. ಕೆಳಗೆ ಅಂಗಡಿ ಅಂದ್ರೆ ಇಲಿ, ಗಲಾಟೆ, ಮೆಟ್ಟಿಲ ಮೇಲೆ ಕೂತ್ಕೊಂಡು ಹರಟೆ ಹೊಡಿಯೋರು, ನಾವು ಮನೆ ತಗೋತಿರೋದು ಸಂತೇಲಿ ಮಲಗೋಕಲ್ಲ ಎಂದರು. ಮೂವತ್ತು ವರ್ಷ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಹರಟಿದವರಲ್ಲಿ ಅವರದೇ ಮೊದಲ ಹೆಸರು. ನನ್ನ ಕಡೆ ನೋಡಿ ಸ್ವಲ್ಪ ನಾಚಿಕೊಂಡರು, ಆದರೆ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ. ಬಿಲ್ಡರ್ ಕಡೆಯ ಟೈ ಕಟ್ಟಿದವರು, ಈಗ ಯಾರು ಮೇಡಂ ಅಂಗಡಿಗೆ ಹೋಗ್ತಾರೆ, ಬೆರಳಲ್ಲಿ ಒತ್ತಿದ್ರೆ ಬಾಗಿಲಿಗೇ ಬರುತ್ತೆ, ಹೊಸ ಕಟ್ಟಡಗಳ ಕೆಳಗೆ ನೋಡಿ ಬನ್ನಿ, ಅರ್ಧ ಅಂಗಡಿ ಗಾಜಿಗೆ ಪೇಪರ್ ಅಂಟಿಸ್ಕೊಂಡು ಖಾಲಿ ಬಿದ್ದಿವೆ ಎಂದರು. ಅದು ಸುಳ್ಳಲ್ಲ, ನಾನೂ ನೋಡಿದ್ದೇನೆ. ಆಗ ಕಟಿಂಗ್ ಶಾಪಿನಣ್ಣ ಹಿಂದಿನ ಸಾಲಿನಿಂದ, ಕಾರ್ ಷೋರೂಮಿನಷ್ಟು ದೊಡ್ಡದು ಕಟ್ಟಿ ಬಾಯಿಗೆ ಬಂದ ಬಾಡಿಗೆ ಕೇಳಿದ್ರೆ ಖಾಲಿ ಬೀಳ್ದೆ ಇನ್ನೇನಾಗುತ್ತೆ ಸ್ವಾಮಿ, ನಂಗೆ ಒಂದು ಕುರ್ಚಿ, ಒಂದು ಕನ್ನಡಿ, ಬೆನ್ನ ಹಿಂದೆ ಒಂದು ಗೋಡೆ ಸಾಕು ಎಂದರು. ಎಲ್ಲರೂ ನಕ್ಕರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ.

ಹಳೇ ಅಂಗಡಿಯವಳಿಗೆ ದುಃಖ ಒತ್ತಿ ಬಂದು ಮಾತು ಹೊರಡಲಿಲ್ಲ ಎಂದು ಅವರೆಲ್ಲ ತಿಳಿದುಕೊಂಡರು. ಮೇಡಂ ಬಂದು ಭುಜ ತಟ್ಟಿದರು. ದುಃಖ ಇರಲಿಲ್ಲ ಪುಟ್ಟಕ್ಕ. ಕಟ್ಟಡ ಕೆಡವಿದ ದಿನವೂ ಇರಲಿಲ್ಲ. ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡಿದೆ. ಮೊದಲು ಅಂಗಡಿಯ ಹಿಂಗೋಡೆ ಬಿತ್ತು, ಆಮೇಲೆ ನಮ್ಮ ಅಡುಗೆಮನೆಯ ನೀಲಿ ಬಣ್ಣ ಒಂದು ಕ್ಷಣ ಕಾಣಿಸಿತು, ಆಮೇಲೆ ಧೂಳು. ಪಕ್ಕದಲ್ಲಿದ್ದವರು ಅತ್ತರು. ನನಗೆ ನೆನಪಾಗಿದ್ದು ಮನೆಯಲ್ಲಿ ಸೋಪಿನ ಪುಡಿ ಮುಗಿದಿದೆ ಎನ್ನುವುದು. ಹೋಗಿ ತಂದೆ.

ಈ ಒಂಬತ್ತನೇ ಮಹಡಿಯೂ ಹಾಗೇ. ಒಳ್ಳೆಯ ಮನೆ. ಶಬ್ದವಿಲ್ಲ. ಎದುರು ಮನೆಯವರು ಲಿಫ್ಟಿನಲ್ಲಿ ಸಿಕ್ಕರೆ ತಲೆ ಆಡಿಸುತ್ತಾರೆ, ನಾನೂ ಆಡಿಸುತ್ತೇನೆ. ಎರಡು ವರ್ಷದಲ್ಲಿ ಅವರ ದನಿ ಹೇಗಿದೆ ಎಂದು ತಿಳಿದಿಲ್ಲ. ಬೇಜಾರಾಗುವುದಿಲ್ಲವಾ ಎಂದು ನೀನು ಕೇಳುತ್ತೀಯ. ಇಲ್ಲ ಎನ್ನುತ್ತೇನೆ, ನೀನು ನಂಬುವುದಿಲ್ಲ. ನಿಜವಾಗಿಯೂ ಇಲ್ಲ. ಹಲ್ಲು ಕೀಳುವ ಮುಂಚೆ ದವಡೆಗೆ ಸೂಜಿ ಚುಚ್ಚುತ್ತಾರಲ್ಲ, ಆಮೇಲೆ ಕೆನ್ನೆ ಮುಟ್ಟಿಕೊಂಡರೆ ಬೇರೆ ಯಾರದೋ ಕೆನ್ನೆ ಮುಟ್ಟಿದ ಹಾಗಿರುತ್ತದೆ, ಅಷ್ಟೇ.

ಗುರುವಾರ ನಿನ್ನ ನಕ್ಷೆಯ ಸುರುಳಿ ಬಿಚ್ಚಿದೆ. ಅಂಗಡಿ ನಡೆಸಿದವಳ ಮಗಳು ಬರೆದದ್ದು ಎಂದು ಯಾರು ಬೇಕಾದರೂ ಹೇಳಬಹುದು. ಹತ್ತಡಿ ಅಗಲ, ಅದಕ್ಕಿಂತ ಒಂದಿಂಚೂ ಹೆಚ್ಚಿಲ್ಲ. ಗುಂಡಿಯ ಡಬ್ಬಿಗಳಿಗೆ ಗೋಡೆ ತುಂಬ ಗೂಡು, ಒಂದೊಂದರ ಮೂತಿಗೂ ಒಳಗಿರುವ ಗುಂಡಿಯ ಒಂದು ಮಾದರಿ ಹೊಲಿಯುವಷ್ಟು ಜಾಗ. ಹೊಲಿಗೆ ಮಿಷನ್ ಎಡಗಡೆ ಬೆಳಕಿಗೆ. ಮೇಲೆ ಮೊದಲನೇ ಮಹಡಿಯಲ್ಲಿ ನನಗೇ ಒಂದು ಮನೆ. ಮನೆಯ ಮಲಗುವ ಕೋಣೆಯಿಂದ ಅಂಗಡಿಯ ಮೂಲೆಗೆ ಒಂದು ಸಣ್ಣ ಚುಕ್ಕಿ ಗೆರೆ ಇಳಿದಿತ್ತು. ಏನಿದು, ನೀರಿನ ಪೈಪೇ ಎಂದು ಕನ್ನಡಕ ಹಾಕಿಕೊಂಡು ನೋಡಿದೆ. ಅಕ್ಕಿಕಾಳಿನಷ್ಟು ಅಕ್ಷರದಲ್ಲಿ, ಅಪ್ಪನ ಗಂಟೆಯ ದಾರ, ಎಂದು ನೀನು ಬರೆದಿದ್ದೆ.

ನೀನು ಪ್ರೀತಿಯಿಂದ ಬರೆದದ್ದು ಎಂದು ನನಗೆ ಗೊತ್ತು. ನಿನಗೆ ನೆನಪಿರುವ ಗಂಟೆ ಬೇರೆ. ಬಸ್ ಓಡಿಸುತ್ತಿದ್ದ ನಿಮ್ಮಪ್ಪ ಎದೆ ಕೈಕೊಟ್ಟು ಹಾಸಿಗೆ ಹಿಡಿದ ಮೇಲೆ, ಡಿಪೋದ ಗೆಳೆಯರು ಗುಜರಿಗೆ ಹಾಕಿದ ಬಸ್ಸಿನಿಂದ ಬಿಚ್ಚಿ ತಂದುಕೊಟ್ಟ ಕಂಡಕ್ಟರ್ ಗಂಟೆ ಅದು. ಗಂಟೆಯನ್ನು ಅಂಗಡಿಯ ಮೂಲೆಗೆ ತೂಗುಹಾಕಿ, ಮಲಗುವ ಕೋಣೆಯ ನೆಲದಲ್ಲಿ ಪೈಪಿಗೆಂದು ಬಿಟ್ಟಿದ್ದ ತೂತಿನಿಂದ ದಾರ ಇಳಿಸಿದರು. ಒಂದು ಸಲ ಎಳೆದರೆ ನೀರು, ಎರಡು ಸಲ ಎಳೆದರೆ ಬಿಡುವಾದಾಗ ಬಾ, ಮೂರು ಸಲ ಎಳೆದರೆ ಕತ್ತರಿ ಕೆಳಗಿಟ್ಟು ಓಡಿ ಬಾ. ಅಂಗಡಿಯಲ್ಲಿ ಗಂಟೆ ಬಾರಿಸಿದಾಗಲೆಲ್ಲ ಗಿರಾಕಿಗಳು ರೈಟ್ ರೈಟ್ ಎಂದು ನಗುತ್ತಿದ್ದರು, ನಾನು ಮೆಟ್ಟಿಲು ಹತ್ತುತ್ತಿದ್ದೆ. ಇಪ್ಪತ್ತೆರಡು ಮೆಟ್ಟಿಲು. ಕೆಳಗೆ ಅಂಗಡಿ, ಮೇಲೆ ಮನೆ ಇದ್ದರೆ ಎಷ್ಟು ಅನುಕೂಲ ನೋಡಿ ಎಂದು ಮೇಡಂ ಆಗ ಎಲ್ಲರಿಗೂ ನನ್ನನ್ನೇ ತೋರಿಸಿ ಹೇಳುತ್ತಿದ್ದರು.

ಅನುಕೂಲ ಇತ್ತು. ಜೊತೆಗೆ ಇನ್ನೊಂದೂ ಇತ್ತು, ಅದನ್ನು ನಾನು ಯಾರಿಗೂ ಹೇಳಲಿಲ್ಲ. ಮನೆಯಲ್ಲಿದ್ದಾಗ ಅಂಗಡಿ ಕರೆಯುತ್ತಿತ್ತು, ಅಂಗಡಿಯಲ್ಲಿದ್ದಾಗ ಮನೆ ಕರೆಯುತ್ತಿತ್ತು. ಎರಡರ ನಡುವೆ ನಾನು ಕೂತು ಒಂದು ಲೋಟ ಕಾಫಿ ಬಿಸಿಯಾಗಿ ಕುಡಿದ ನೆನಪಿಲ್ಲ. ಶಟರ್ ಎಳೆದು ಅರ್ಧ ಗಂಟೆ ಕಣ್ಣು ಮುಚ್ಚೋಣವೆಂದರೆ ಆ ಶಟರ್ ಎಂಥದೆಂದು ನಿನಗೇ ಗೊತ್ತಲ್ಲ, ತುಕ್ಕು ಹಿಡಿದ ಕಬ್ಬಿಣ. ಬೆಳಿಗ್ಗೆ ಎತ್ತುವುದಕ್ಕೂ ಸಂಜೆ ಇಳಿಸುವುದಕ್ಕೂ ಕಟಿಂಗ್ ಶಾಪಿನಣ್ಣನೇ ಬರಬೇಕು. ನಡುಮಧ್ಯಾಹ್ನ ಅವರನ್ನು ಕರೆದು, ಅಣ್ಣಾ ನಂಗೆ ಸಾಕಾಗಿದೆ, ಮುಚ್ಚಿಕೊಡಿ ಎನ್ನುವುದು ಹೇಗೆ?

ನಿಮ್ಮಪ್ಪ ಹೋದ ದಿನ ಅವರು ಎರಡು ಗಂಟೆಯೊಳಗೆ ಒಂಬತ್ತು ಸಲ ಗಂಟೆ ಎಳೆದಿದ್ದರು. ನಾನು ಒಂಬತ್ತು ಸಲವೂ ಹತ್ತಿದೆ. ಒಂದು ಸಲ ಗಡಿಯಾರ ನಿಂತಿದೆಯಾ ನೋಡು ಎಂದರು. ಒಂದು ಸಲ ಕೆಳಗೆ ನಕ್ಕಿದ್ದು ಯಾರು ಎಂದರು. ಒಂದು ಸಲ ಕಿಟಕಿಯಲ್ಲಿ ಪಾರಿವಾಳ ಕೂತಿತ್ತು, ಅದನ್ನು ತೋರಿಸುವುದಕ್ಕೆ ಕರೆದಿದ್ದರು, ನಾನು ಹೋಗುವಷ್ಟರಲ್ಲಿ ಹಾರಿತ್ತು. ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಅವರ ತಪ್ಪಲ್ಲ. ಒಂಬತ್ತನೇ ಸಲ ಇಳಿದು ಬಂದಾಗ ಒಬ್ಬಾಕೆ ಕೋಟು ಹಿಡಿದು ನಿಂತಿದ್ದರು, ಆರು ಗುಂಡಿಗಳಲ್ಲಿ ಎರಡು ಕಳೆದುಹೋಗಿವೆ, ಅದೇ ಬಣ್ಣ ಬೇಕು ಎಂದರು. ಕಂದು ಬಣ್ಣದಲ್ಲಿ ನನ್ನ ಹತ್ತಿರ ಹನ್ನೊಂದು ಡಬ್ಬಿ ಇದ್ದವು. ನಾನು ಮೊದಲು ಡಬ್ಬಿ ಇಳಿಸಲಿಲ್ಲ. ಸ್ಟೂಲು ಹತ್ತಿ, ಗಂಟೆಯ ನಾಲಿಗೆಗೆ ಲೈನಿಂಗ್ ಬಟ್ಟೆಯ ಒಂದು ಚೂರು ಸುತ್ತಿದೆ. ಬರೀ ಸುತ್ತಿದರೆ ಬಿಚ್ಚಿಕೊಳ್ಳುತ್ತದೆ ಎಂದು ಸೂಜಿ ತಂದು ನಾಲ್ಕು ಹೊಲಿಗೆ ಹಾಕಿದೆ. ಅರ್ಧ ಕೆಲಸ ಮಾಡಿ ಅಭ್ಯಾಸವಿಲ್ಲವಲ್ಲ.

ಅರ್ಧ ಗಂಟೆ ಅಷ್ಟೇ ಎಂದುಕೊಂಡಿದ್ದೆ. ಅರ್ಧ ಗಂಟೆ ಮುಗಿದದ್ದು ಗೊತ್ತಾಯಿತು. ಮರೆತೆ ಎಂದು ಬರೆದರೆ ನನಗೂ ಹಗುರ, ನಿನಗೂ ಹಗುರ, ಆದರೆ ಮರೆತಿರಲಿಲ್ಲ. ಹಾಯಾಗಿತ್ತು. ಆ ಕಂದು ಗುಂಡಿಗಳನ್ನು ಒಂದೊಂದಾಗಿ ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದೆ, ಆಕೆಯ ಜೊತೆ ಮಾತಾಡುತ್ತಿದ್ದೆ, ಒಂದೂವರೆ ಗಂಟೆ ಯಾರೂ ನನ್ನನ್ನು ಎಲ್ಲಿಗೂ ಕರೆಯಲಿಲ್ಲ. ಅಷ್ಟು ಹೊತ್ತಿನಲ್ಲಿ ನಿಮ್ಮಪ್ಪ ಎಳೆದರೋ, ಎಳೆದರೆ ಎಷ್ಟು ಸಲ ಎಳೆದರೋ, ನನಗೆ ಗೊತ್ತಿಲ್ಲ. ಆಮೇಲೆ ನೀನು ಇಳಿದು ಬಂದೆ. ಶಾಲೆಯಿಂದ ಹಿಂದಿನ ಮೆಟ್ಟಿಲಲ್ಲೇ ಮೇಲೆ ಹೋಗಿದ್ದೆ, ಚೀಲ ಇನ್ನೂ ಬೆನ್ನ ಮೇಲಿತ್ತು. ಅಪ್ಪ ಏಳ್ತಾ ಇಲ್ಲ ಎಂದೆ, ಹೇಳಿ ಮತ್ತೆ ಮೇಲೆ ಓಡಿದೆ. ನಾನು ಮೊದಲು ಮಾಡಿದ್ದು ಮೆಟ್ಟಿಲು ಹತ್ತುವ ಕೆಲಸವಲ್ಲ ಪುಟ್ಟಕ್ಕ. ಸ್ಟೂಲು ಹತ್ತಿ, ಚಿಕ್ಕ ಕತ್ತರಿಯಿಂದ ಆ ನಾಲ್ಕು ಹೊಲಿಗೆ ಕತ್ತರಿಸಿ, ಬಟ್ಟೆಯ ಚೂರನ್ನು ಜೇಬಿಗೆ ಹಾಕಿಕೊಂಡೆ. ಆಮೇಲೆ ಹತ್ತಿದೆ.

ಅರ್ಧ ಗಂಟೆ ಮುಂಚೆ ಕರೆದಿದ್ದರೂ ಏನೂ ಆಗುತ್ತಿರಲಿಲ್ಲ, ಆದರೆ ಹೇಳಲಿಕ್ಕೂ ಆಗುವುದಿಲ್ಲ, ಎಂದು ಡಾಕ್ಟರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ನಾನು ಸರಿ ಎಂದೆ. ಹತ್ತು ದಿನ ಕಳೆದು ಅಂಗಡಿ ತೆರೆದೆ. ಗಟ್ಟಿಗಿತ್ತಿ ಎಂದು ಎಲ್ಲರೂ ಹೊಗಳಿದರು. ಗಟ್ಟಿತನವೂ ಇಲ್ಲ ಮಣ್ಣೂ ಇಲ್ಲ. ಆ ಚೂರು ಬಟ್ಟೆ ಗಂಟೆಯಿಂದ ಬಿಚ್ಚಿದ ಮೇಲೆ ನನ್ನೊಳಗೆ ಎಲ್ಲೋ ಸುತ್ತಿಕೊಂಡಿತು ಎಂದು ಕಾಣುತ್ತದೆ. ಆಮೇಲೆ ಇಪ್ಪತ್ತನಾಲ್ಕು ವರ್ಷ ಅದೇ ಅಂಗಡಿಯಲ್ಲಿ ಕೂತೆ, ಜನ ಬಂದರು, ಹೋದರು, ಎಲ್ಲರ ಜೊತೆ ನಕ್ಕೆ.

ಆದ್ದರಿಂದ, ಹೊಸ ಕಟ್ಟಡದ ಕೆಳಗೆ ಅಂಗಡಿ ಇರಬೇಕೇ ಬೇಡವೇ ಎಂದು ನೀವೆಲ್ಲ ಕೇಳಿದಾಗ ನಾನು ಸುಮ್ಮನಿದ್ದೆ. ಬೇಡ ಎಂದರೆ ನನ್ನ ಕಾರಣ ಇಲಿಯಲ್ಲ, ಗಲಾಟೆಯಲ್ಲ. ಬೇಕು ಎಂದರೆ ಮೂಲೆಯಲ್ಲಿ ಆ ದಾರ ಇಳಿದಿರುತ್ತದೆ. ರುಜು ಹಾಕದೆ ಸುರುಳಿ ಸುತ್ತಿ ಕಳಿಸಿಬಿಡೋಣ, ವಯಸ್ಸಾಯಿತು, ಕೈಲಾಗದು ಎಂದು ಬರೆಯೋಣ ಎಂದು ಶುಕ್ರವಾರ ನಿರ್ಧಾರ ಮಾಡಿದ್ದೆ. ನೀನು ಎರಡು ದಿನ ಸಿಟ್ಟಾಗಿ ಮೂರನೇ ದಿನ ಸರಿ ಬಿಡಮ್ಮ ಎನ್ನುತ್ತಿದ್ದೆ.

ನಿನ್ನೆ ಕನ್ನಡಕದ ಸ್ಕ್ರೂ ಬಿದ್ದುಹೋಯಿತು. ಯಾರಾದರೂ ಹಾಕಿಕೊಡುತ್ತಾರೇನೋ ಎಂದು ಇಳಿದೆ. ನಮ್ಮ ಕಟ್ಟಡದ ಕೆಳಗೆ ಗಾಜು, ಕುಂಡ, ಒಬ್ಬರು ಸೆಕ್ಯೂರಿಟಿ. ಪಕ್ಕದ್ದರ ಕೆಳಗೆ ಕಾರುಗಳ ಜಾಲರಿ. ಅದರ ಪಕ್ಕದ್ದರ ಕೆಳಗೆ ಬರೀ ಗೋಡೆ, ಮುಗಿಯುವುದೇ ಇಲ್ಲ. ಮೊದಲ ತೆರೆದ ಬಾಗಿಲು ಸಿಗುವುದಕ್ಕೆ ಹನ್ನೊಂದು ನಿಮಿಷ ನಡೆದೆ. ಅದು ಔಷಧಿ ಅಂಗಡಿ. ಆ ಹನ್ನೊಂದು ನಿಮಿಷ ನನ್ನನ್ನು ಯಾರೂ ನೋಡಲಿಲ್ಲ, ನಾನೂ ಯಾರನ್ನೂ ನೋಡಲಿಲ್ಲ. ಬೇಜಾರಾಗಲಿಲ್ಲ. ಬೇಜಾರೂ ಆಗಲಿಲ್ಲವಲ್ಲ ಎನ್ನುವುದು ಮನೆಗೆ ಬಂದು ಚಪ್ಪಲಿ ಬಿಡುವಾಗ ಹೊಳೆಯಿತು, ಆಗ ಸ್ವಲ್ಪ ಹೆದರಿಕೆಯಾಯಿತು. ಬಹಳ ದಿನದ ಮೇಲೆ ಏನೋ ಒಂದು ಅನ್ನಿಸಿತಲ್ಲ, ಚೆನ್ನಾಗಿತ್ತು ಎನ್ನಲೂಬಹುದು.

ಹಾಗೇ ಕೂತು ಆ ದಿನದ ಉಳಿದ ಭಾಗ ನೆನೆಸಿಕೊಂಡೆ. ನಾನು ಯಾವಾಗಲೂ ಹೊಲಿಗೆ ಕತ್ತರಿಸಿದ ಕಡೆಗೇ ನಿಲ್ಲಿಸುತ್ತೇನೆ, ಮುಂದಕ್ಕೆ ಹೋಗುವುದಿಲ್ಲ. ಮೇಲಿನಿಂದ ನಾನು ಒಂದೇ ಒಂದು ಸಲ ಕೂಗಿದೆ. ಕಟಿಂಗ್ ಶಾಪಿನಣ್ಣ ಒಂದು ನಿಮಿಷದಲ್ಲಿ ಕೋಣೆಯಲ್ಲಿದ್ದರು. ಅವರ ಹಿಂದೆ ಅರ್ಧ ಗಡ್ಡ ಕೆರೆಸಿಕೊಂಡಿದ್ದ ಗಿರಾಕಿಯೂ ಓಡಿ ಬಂದಿದ್ದರು, ಒಂದು ಕೆನ್ನೆಗೆ ಪೂರ್ತಿ ಸೋಪು. ನಿಮ್ಮಪ್ಪನ ಕಾಲ ಕಡೆ ಹಿಡಿದು ಇಳಿಸಿದವರು ಅವರೇ, ಇವತ್ತಿಗೂ ಅವರು ಯಾರೆಂದು ನನಗೆ ಗೊತ್ತಿಲ್ಲ. ಬೇಕರಿ ಅಕ್ಕ ನಿನ್ನನ್ನು ಕರೆದುಕೊಂಡು ಹೋಗಿ ರಾತ್ರಿಯವರೆಗೆ ಮಡಿಲಿನಿಂದ ಇಳಿಸಲಿಲ್ಲ. ಕೋಟಿನಾಕೆ ನನ್ನ ಗಲ್ಲಾಪೆಟ್ಟಿಗೆಯ ಮುಂದೆ ಕಾವಲು ನಿಂತಿದ್ದರು. ಕೆಳಗೆ ಗೋಡೆ ಇದ್ದಿದ್ದರೆ ನಾನು ಯಾರನ್ನು ಕೂಗುತ್ತಿದ್ದೆ?

ಅದಕ್ಕೇ ರುಜು ಹಾಕಿದ್ದೇನೆ. ಈಗ ತಾನೇ, ಈ ಸಾಲು ಬರೆಯುವ ಮುಂಚೆ. ಆದರೆ ಮೂರು ಮಾತು ನಡೆಸಿಕೊಡಬೇಕು. ಮೇಲಿನ ಮನೆ ನನಗೆ ಬೇಡ, ಬೇರೆ ಯಾರಿಗಾದರೂ ಕೊಡಿಸು, ನನಗೆ ಹಿಂದಿನ ಬದಿಯಲ್ಲಿ ಎಲ್ಲಾದರೂ ಸಾಕು. ನನ್ನ ಹೆಸರಿನ ಅಂಗಡಿಯಲ್ಲಿ ನಾನು ಕೂರುವುದಿಲ್ಲ, ಕಟಿಂಗ್ ಶಾಪಿನಣ್ಣ ಕೂರಲಿ. ಒಂದು ಕುರ್ಚಿ, ಒಂದು ಕನ್ನಡಿ ಎಂದು ಅವರೇ ಕೇಳಿದ್ದಾರೆ. ಇನ್ನೊಂದು, ಐದು ಅಂಗಡಿಗೂ ಹೆಂಗಸೊಬ್ಬಳು ಒಂದೇ ಕೈಯಲ್ಲಿ ಎಳೆಯುವಂಥ ಹಗುರ ಶಟರ್ ಹಾಕಿಸು. ಅರ್ಧ ಗಂಟೆ ಮುಚ್ಚಬೇಕೆನ್ನಿಸಿದರೆ ಯಾರನ್ನೂ ಕೇಳದೆ ಮುಚ್ಚುವ ಹಾಗಿರಬೇಕು. ಬಿಲ್ಡರ್ ಹಲ್ಲು ಗಿಂಜಿದರೂ ಇದನ್ನು ಬಿಡಬೇಡ.

ಆ ಚುಕ್ಕಿ ಗೆರೆಯನ್ನು ನಾನೇ ರಬ್ಬರಿನಿಂದ ಅಳಿಸಿದ್ದೇನೆ. ಹಾಳೆ ಸ್ವಲ್ಪ ಸವೆದಿದೆ, ಬೈಯಬೇಡ. ಇದನ್ನು ಓದಿದ ಮೇಲೆ ನಿನಗೆ ನನ್ನ ಮೇಲೆ ಏನು ಅನ್ನಿಸುತ್ತದೋ ಅದನ್ನು ಅನ್ನಿಸಿಕೊ, ಬೇಗ ಕ್ಷಮಿಸುವುದಕ್ಕೆ ಹೋಗಬೇಡ. ಊಟ ಹೊತ್ತಿಗೆ ಸರಿಯಾಗಿ ಮಾಡು.

ನಿನ್ನ
ಅಮ್ಮ

ಇಷ್ಟು ಬರೆದು ಮಡಿಸಿ ಮತ್ತೆ ಬಿಚ್ಚಿದ್ದೇನೆ: ನಿಮ್ಮಪ್ಪ ಎಳೆದರೋ ಇಲ್ಲವೋ ಗೊತ್ತಿಲ್ಲ ಎಂದೆ, ಅದು ನಿಜ. ಆದರೆ ನೀನು ಎಳೆದದ್ದು ನನಗೆ ಆಮೇಲೆ ಗೊತ್ತಾಯಿತು. ಆ ರಾತ್ರಿ ನಿನ್ನ ಕೈ ತೊಳೆಸುವಾಗ ಅಂಗೈಯಲ್ಲಿ ದಾರ ಉಜ್ಜಿದ ಕೆಂಪು ಗೆರೆಗಳನ್ನು ನೋಡಿದೆ, ಮೂರು ಸಲ ಎಳೆದ ಕೈಯಲ್ಲ ಅದು. ಗಂಟೆ ಕೇಳಿಸ್ಲಿಲ್ವಾ ಅಮ್ಮಾ ಎಂದು ನೀನು ಕೇಳಿದೆ. ಕೇಳಿಸ್ತು, ಗಿರಾಕಿ ಇದ್ರು, ಬರ್ತಾ ಇದ್ದೆ ಎಂದೆ ನಾನು. ಬಟ್ಟೆಯ ಚೂರಿನ ಮಾತಿಗಿಂತ ಆ ಸುಳ್ಳು ಸಣ್ಣದು ಎನ್ನಿಸಿತ್ತು. ಆಮೇಲೆ ನೀನು ಯಾವತ್ತೂ ನನ್ನನ್ನು ಎರಡನೇ ಸಲ ಕರೆದಿಲ್ಲ. ಒಂದು ಸಲ ಅಮ್ಮಾ ಎನ್ನುತ್ತೀಯ, ನಾನು ಓ ಎನ್ನದಿದ್ದರೆ ಸುಮ್ಮನೆ ಹೋಗಿಬಿಡುತ್ತೀಯ. ಫೋನೂ ಒಂದೇ ಸಲ ಮಾಡುತ್ತೀಯ. ಆ ದಿನ ನನಗೆ ಕೇಳಿಸಿರಲಿಲ್ಲ ಪುಟ್ಟಕ್ಕ. ಕೇಳಿಸದ ಹಾಗೆ ಮಾಡಿಕೊಂಡವಳು ನಾನೇ, ಆದರೆ ನೀನು ಕರೆಯುವುದು ಕೇಳಿಯೂ ಕೂತಿದ್ದವಳಲ್ಲ. ಇನ್ನು ಮೇಲೆ ನಾನು ಫೋನ್ ಎತ್ತದಿದ್ದರೆ, ಇನ್ನೊಂದು ಸಲ ಮಾಡು.